ಪೈಲ್ವಾನನ ಮೂರು ಚೀಟಿ

ಹೊಳೆ ದಂಡೆಯ ಗರಡಿಮನೆಯಲ್ಲಿ ಹಾಲೇಶಿ ಅಂತ ಒಬ್ಬ ಪೈಲ್ವಾನ. ಕುಸ್ತಿ ಬಿಟ್ಟು ಬೇರೇನೂ ಕಲಿತವನಲ್ಲ. ಒಂದು ಕುಸ್ತಿಯಲ್ಲಿ ಅವನ ಮಂಡಿ ತಿರುಚಿಕೊಂಡಿತು. ಇನ್ನು ಕುಸ್ತಿ ಹಿಡಿಯುವ ಹಾಗಿಲ್ಲ ಅಂದರು ಡಾಕ್ಟರು.

ಆವತ್ತಿನಿಂದ ಅವನು ಅಖಾಡಕ್ಕೆ ಇಳಿಯಲಿಲ್ಲ. ದಿನಾ ಬರುವುದು ಮಾತ್ರ ಬರುತ್ತಿದ್ದ. ಅಖಾಡದ ಸುತ್ತಿನ ಕಟ್ಟೆ ಮೇಲೆ ಕೂರುತ್ತಿದ್ದ, ಏಳುತ್ತಿದ್ದ, ಬಾಗಿಲ ತನಕ ಹೋಗಿ ಮತ್ತೆ ಬರುತ್ತಿದ್ದ. ಕುಸ್ತಿ ಹಿಡಿಯದವನಿಗೆ ಆ ಮಣ್ಣು ತುಳಿಯುವ ಹಕ್ಕಿಲ್ಲ ಅಂತ ತಾನೇ ತೀರ್ಮಾನ ಮಾಡಿಕೊಂಡಿದ್ದ.

ಒಂದು ಬೆಳಿಗ್ಗೆ ಜೇಬಿನಲ್ಲಿ ಮೂರು ಚೀಟಿ ಇಟ್ಟುಕೊಂಡು ಬಂದ. ಗರಡಿಯ ಗುರು ಕೆಂಚಪ್ಪ ವಸ್ತಾದರು ಬಿದ್ದವರಿಗೆ ಪೆಟ್ಟಾಗದಂತೆ ಅಖಾಡದ ಮಣ್ಣು ಅಗೆದು ಸಡಿಲ ಮಾಡುತ್ತಿದ್ದರು.

“ವಸ್ತಾದ್ರೇ, ಮೂರು ಕಡೆ ಕೆಲಸಕ್ಕೆ ಕರೆದಾರೆ. ಮಧ್ಯಾಹ್ನದೊಳಗೆ ಯಾವುದು ಅಂತ ಹೇಳ್ಬೇಕು. ನೀವೇ ಹೇಳಿ.”

“ಓದು.”

“ಒಂದು, ಪ್ಯಾಟೆ ಜಿಮ್ಮಿನಾಗೆ ಟ್ರೈನರ್.”

“ಹ್ಞೂಂ.”

“ಇನ್ನೊಂದು, ರೆಫರಿ ತರಬೇತಿ. ಸೀಟಿ ಊದೋದು.”

“ಹ್ಞೂಂ.”

“ಇದು ಕಬಡ್ಡಿ ತಂಡದ್ದು. ಆಟಗಾರರ ಮೈ ತಿಕ್ಕೋದು, ಪೆಟ್ಟು ಬಿದ್ರೆ ನೋಡ್ಕೊಳ್ಳೋದು.”

“ನಿನಗ್ಯಾವುದು ಬೇಕು?”

“ಯಾವುದೂ ಬ್ಯಾಡ. ಗದೆ ಗೆದ್ದೋನು ನಾನು. ಇನ್ನೊಬ್ಬನ ತೊಡೆ ತಿಕ್ಲಾ?”

“ಮತ್ತೆ ಯಾಕೆ ಕೇಳ್ತೀ?”

“ಮನ್ಯಾಗೆ ಕೂತ್ರೆ ಹುಚ್ಚು ಹಿಡೀತೈತೆ.”

ವಸ್ತಾದರು ಗುದ್ದಲಿ ಬದಿಗಿಟ್ಟರು.

“ಆ ಮಜ್ಜಿಗೆ ಗಡಿಗೆ ತಾ.”

ಹಾಲೇಶಿ ಗಡಿಗೆ ಹಿಡಿದು ಕಟ್ಟೆ ಮೇಲಿಂದಲೇ ಬಗ್ಗಿ ಕೈ ಚಾಚಿದ. ಮುದುಕರೇ ಅಲ್ಲಿತನಕ ನಡೆದು ಬರಬೇಕಾಯಿತು.

“ಇಳಿದು ಕೊಟ್ರೆ ಸವೆದು ಹೋಗ್ತೀಯೇನೋ?”

“ಅವ್ವಾರು ತೀರ್ಕೊಂಡಾಗ ನೀವೂ ಇಳೀಲಿಲ್ಲ.”

ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡ. ಅವ್ವಾರು ಅಂದರೆ ಗಂಗವ್ವ, ವಸ್ತಾದರ ಹೆಂಡತಿ. ಮಣ್ಣು ಹದ ಮಾಡಲು ಹಾಕುವ ಮಜ್ಜಿಗೆ ನಲವತ್ತು ವರ್ಷ ಅವಳೇ ಕಡೆದು ತಂದಿದ್ದಳು.

“ಹೌದು. ಹನ್ನೊಂದು ದಿನ ಇಳೀಲಿಲ್ಲ.”

“ಆಮೇಲೆ? ದುಃಖ ಕಮ್ಮಿ ಆಯ್ತಾ?”

“ಇಲ್ಲ.”

“ಮತ್ತೆ ಹೆಂಗೆ ಇಳಿದ್ರಿ?”

ವಸ್ತಾದರು ಮಜ್ಜಿಗೆ ಚಿಮುಕಿಸಿ, ಖಾಲಿ ಗಡಿಗೆ ತೊಳೆಯಲು ಹೊಳೆಗೆ ಹೋದರು. ಅಖಾಡದ ಒಂದು ಮೂಲೆ ಅಗೆಯುವುದು ಇನ್ನೂ ಬಾಕಿ ಇತ್ತು.

ಅಷ್ಟರಲ್ಲಿ ಲಾರಿ ಓಡಿಸುವ ಚೌಡ, ಅವನ ಜೋಡಿ ಪರಸಪ್ಪ ಲಂಗೋಟಿ ಬಿಗಿದುಕೊಂಡು ಬಂದರು.

“ಏನಣ್ಣ, ಕಟ್ಟೆ ಕಾಯಾಕೆ ನಿನ್ನ ಇಟ್ಟಾರಾ?” ಅಂದ ಚೌಡ.

ಹಾಲೇಶಿಗೆ ಉರಿಯಿತು. ಅಗೆಯದ ಮೂಲೆ ಕಣ್ಣಿಗೆ ಬಿದ್ದಿತ್ತು. ಹೇಳಬೇಕು ಅನ್ನಿಸಿತು. ನನಗ್ಯಾಕೆ, ಇದೇನು ನನ್ನ ಅಖಾಡವಾ ಅಂತ ಸುಮ್ಮನೆ ಕೂತ.

ಇಬ್ಬರೂ ಹಿಡಿದರು. ಪರಸಪ್ಪ ಎತ್ತಿ ಒಗೆದ. ಚೌಡ ಹೋಗಿ ಬಿದ್ದದ್ದು ಆ ಮೂಲೆಗೇ. ಭುಜ ಕಳಚಿತು. ಅವನ ಕೂಗು ಹೊಳೆಯ ತನಕ ಕೇಳಿತು.

ಹಾಲೇಶಿ ಯಾವಾಗ ಅಖಾಡಕ್ಕೆ ಜಿಗಿದನೋ ಅವನಿಗೇ ಗೊತ್ತಿಲ್ಲ.

“ಕೈ ಎಳೀಬ್ಯಾಡ ಪರಸ! ಬಿಡು! ಹೋಗಿ ಆಟೋ ತಾ!”

ತನ್ನ ಟವಲಿನಲ್ಲಿ ಚೌಡನ ತೋಳನ್ನು ಎದೆಗೆ ಕಟ್ಟಿದ. ತಲೆಯನ್ನು ತೊಡೆ ಮೇಲಿಟ್ಟುಕೊಂಡು ಬಾಯೊಳಗಿನ ಮಣ್ಣು ತೆಗೆದ.

“ಉಸಿರಾಡು ಚೌಡ. ಮೆಲ್ಲಕೆ. ನನ್ನ ನೋಡು.”

“ಅಣ್ಣಾ, ಸ್ಟೇರಿಂಗ್ ಹಿಡಿಯೋ ಕೈ ಕಣಣ್ಣ.”

“ಹಿಡೀತೀಯ. ನಾನಿದೀನಿ.”

ಆಟೋ ಬಂತು. ಪರಸಪ್ಪ ಚೌಡನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ವಸ್ತಾದರು ಏದುಸಿರು ಬಿಡುತ್ತಾ ಹೊಳೆಯಿಂದ ಬಂದಾಗ ಹಾಲೇಶಿ ಅಖಾಡದ ನಡುವೆ ನಿಂತಿದ್ದ. ಪಾದ ಪೂರ್ತಿ ಕೆಮ್ಮಣ್ಣು.

“ಚೌಡನ ಭುಜ ಕಳಚೈತೆ, ಆಟೋ ಬರೋತನಕ ಹಿಡ್ಕೊಂಡು ಕೂತಿದ್ದೆ. ಆ ಮೂಲೆ ಅಗೆದಿರಲಿಲ್ಲ ವಸ್ತಾದ್ರೇ. ನಾನು ನೋಡಿದ್ದೆ. ಹೇಳಲಿಲ್ಲ.”

“ನಾನೂ ಅರ್ಧಕ್ಕೆ ಬಿಟ್ಟು ಹೋದೆ.”

ವಸ್ತಾದರು ಬಗ್ಗಿ ಆ ಮೂಲೆಯ ಮಣ್ಣು ಮುಟ್ಟಿ ನೋಡಿದರು.

“ಅವನನ್ನ ಹಿಡ್ಕೊಂಡು ಕೂತಾಗ ಮಂಡಿ ನೋಯ್ತಾ?”

“ಗೊತ್ತಾಗ್ಲಿಲ್ಲ.”

ಹಾಲೇಶಿ ಜೇಬಿನಿಂದ ಚೀಟಿ ತೆಗೆದ. ಒಂದನ್ನು ಇಟ್ಟುಕೊಂಡು ಎರಡನ್ನು ಹರಿದ.

“ಕಬಡ್ಡಿಯೋರಿಗೆ ಬರ್ತೀನಿ ಅಂತ ಹೇಳ್ಲಾ?”

ವಸ್ತಾದರು ಗುದ್ದಲಿ ಎತ್ತಿ ಅವನ ಕೈಗೆ ಕೊಟ್ಟರು.

“ಆಮೇಲೆ ಹೇಳುವಂತೆ. ಮಣ್ಣು ಗಟ್ಟಿಯಾಗೈತೆ ನೋಡು. ನಾಳೇನೂ ಯಾರೋ ಒಬ್ಬ ಬೀಳ್ತಾನೆ.”