ಬಂದರಿನ ಮೇಲಿನ ಕೋಣೆಯ ಫೋಲ್ಡರು

“ಗುರುಗಳೇ, ನಾನು ಎದುರಿಗೆ ಕೂತಾಗ ಸರಿಯಾಗಿ ನಡೆಯುವ ಕಂಪ್ಯೂಟರು, ನಾನು ಎದ್ದು ಬಂದ ಮೇಲೆ ಕೆಡುವುದು ಯಾಕೆ? ತಪ್ಪು ಬಳಸುವವರ ಕೈಯಲ್ಲಿಯೇ ಇರಬೇಕಲ್ಲವೇ?”

ನಾನು ಹೀಗೆ ಕೇಳಿದ್ದು ಸೊಕ್ಕಿನಿಂದ ಅಲ್ಲ. ಒಂದು ಕಂಪ್ಯೂಟರಿಗೆ ಒಂದು ಆಪರೇಟಿಂಗ್ ಸಿಸ್ಟಮ್, ಪಕ್ಕದ್ದಕ್ಕೆ ಇನ್ನೊಂದು, ನಡುವೆ ಫೈಲು ಹೋಗುತ್ತಿಲ್ಲ ಎಂದರೆ ಸುತ್ತಲಿನ ಮೂರು ತಾಲ್ಲೂಕಿನವರು ಕರೆಯುವುದು ನನ್ನನ್ನೇ. ಹಳ್ಳಿಯವನು ಎಂದು ಮೂಗು ಮುರಿದವರ ಆಫೀಸಿಗೂ ಹೋಗಿ ಸರಿಮಾಡಿ ಬಂದಿದ್ದೇನೆ. ಇದನ್ನು ನನ್ನ ಬಾಯಿಂದಲೇ ಹೇಳಬಾರದು. ಆದರೆ ಬೇರೆಯವರು ಸರಿಯಾಗಿ ಹೇಳುವುದಿಲ್ಲ.

ಗುರುಗಳು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟು ಈ ಕತೆ ಹೇಳಿದರು.

ಒಂದು ಬಂದರು. ಅದರ ಕಚೇರಿಯಲ್ಲಿ ಎರಡು ಕೋಣೆ, ಒಂದು ಮೇಲೆ, ಒಂದು ಕೆಳಗೆ. ಗಾಳಿಯ, ಅಲೆಯ ಸೂಚನೆಗಳು ಮೇಲಿನ ಕೋಣೆಯ ಕಂಪ್ಯೂಟರಿಗೆ ಬರುತ್ತಿದ್ದವು. ಅಲ್ಲಿನ ಗುಮಾಸ್ತ ಅವನ್ನು ಒಂದು ಫೋಲ್ಡರಿನಲ್ಲಿ ಹಾಕುತ್ತಿದ್ದ. ಕೆಳಗಿನ ಕೋಣೆಯಲ್ಲಿ ಗುಲಾಬಿ ಎಂಬ ಹೆಂಗಸು ತನ್ನ ಕಂಪ್ಯೂಟರಿನಿಂದ ಅದೇ ಫೋಲ್ಡರನ್ನು ತೆರೆದು, ಕಡಲಿನಲ್ಲಿರುವ ದೋಣಿಗಳಿಗೆ ವೈರ್‌ಲೆಸ್ಸಿನಲ್ಲಿ ಓದುತ್ತಿದ್ದಳು. ಬೆಳಿಗ್ಗೆ ಆರಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ. ಮಧ್ಯಾಹ್ನ ಹೊಸ ಸೂಚನೆ ಇಲ್ಲದಿದ್ದರೆ ಬೆಳಗಿನದನ್ನೇ ಮತ್ತೆ ಓದಬೇಕು ಎಂಬುದು ಅಲ್ಲಿನ ಕ್ರಮ. ದೋಣಿಗಳಲ್ಲಿ ಒಂದರಲ್ಲಿ ಅವಳ ತಮ್ಮನೂ ಇದ್ದ. ಅವಳು ಓದಿ ಮುಗಿಸಿದ ಕೂಡಲೇ ಕಡಲಿನಿಂದ ಮೊದಲು ಬರುವ ಉತ್ತರ ಅವನದು.

ಮೇಲಿನ ಕಂಪ್ಯೂಟರು ಹಳೆಯದಾಯಿತೆಂದು ಒಬ್ಬ ದುರಸ್ತಿಗಾರನನ್ನು ಕರೆಸಿ ಅದಕ್ಕೆ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಸಿದರು. ಕೆಳಗಿನದರಲ್ಲಿ ವಿಂಡೋಸ್ ಹಾಗೆಯೇ ಉಳಿಯಿತು. ಮರುದಿನದಿಂದ ಗುಲಾಬಿಗೆ ಫೋಲ್ಡರು ಕಾಣುತ್ತಿತ್ತು, ತೆರೆಯುತ್ತಿರಲಿಲ್ಲ. ಒತ್ತಿದರೆ ‘ನಿಮಗೆ ಅನುಮತಿ ಇಲ್ಲ’ ಎಂದು ಬರುತ್ತಿತ್ತು.

ದುರಸ್ತಿಗಾರನನ್ನು ಮತ್ತೆ ಕರೆಸಿದರು. ಜಾಣ. ಕೇಬಲ್ ಬದಲಿಸಿದ. ಎರಡೂ ಒಂದೇ ನೆಟ್‌ವರ್ಕಿನಲ್ಲಿವೆಯೇ ಎಂದು ನೋಡಿದ. ಫೈರ್‌ವಾಲ್ ನೋಡಿದ. ಕೊನೆಗೆ ಗುಲಾಬಿಯ ಕುರ್ಚಿಯಲ್ಲಿ ಕೂತು, ತನ್ನ ಹೆಸರು, ತನ್ನ ಪಾಸ್‌ವರ್ಡ್ ಹಾಕಿ ಒತ್ತಿದ. ಫೋಲ್ಡರು ತೆರೆಯಿತು. ಲಿನಕ್ಸ್ ಹಾಕುವಾಗಲೇ ತನ್ನ ಹೆಸರನ್ನು ಅದಕ್ಕೆ ಸೇರಿಸಿಕೊಂಡಿದ್ದ. ಗುಲಾಬಿಯ ಹೆಸರನ್ನೂ ಸೇರಿಸಬೇಕೆಂದು ಅವನಿಗೆ ಹೊಳೆಯಲಿಲ್ಲ. ಮೇಲೆ ಹೋಗಿ ಗೋಡೆಗೆ ಒಂದು ಚೀಟಿ ಅಂಟಿಸಿದ: ‘ಫೈಲನ್ನು ಈ ಫೋಲ್ಡರಿನಲ್ಲಿ ಹಾಕಿದರೆ ಸಾಕು. ಕೆಳಗೆ ಸಿಗುತ್ತದೆ.’

ಅವನು ಹೋದ ಮೇಲೆ ಗುಲಾಬಿ ತನ್ನ ಹೆಸರಿನಲ್ಲಿ ಒತ್ತಿದಳು. ತೆರೆಯಲಿಲ್ಲ. ಇನ್ನೊಮ್ಮೆ ಕರೆದಳು. ಅವನು ಬಂದ, ಅದೇ ಕುರ್ಚಿಯಲ್ಲಿ ಕೂತ, ತನ್ನ ಹೆಸರು ಹಾಕಿದ. ತೆರೆಯಿತು.

“ನಿಮಗೆ ಆಗ್ತದೆ, ನನಗೆ ಆಗುವುದಿಲ್ಲ ಮಾರಾಯ್ರೆ. ನಾನು ಒತ್ತಿದರೆ ಅದು ಬೇಡ ಹೇಳ್ತದೆ,” ಎಂದಳು.

“ಹೆಸರು ಗುಲಾಬಿ, ಕೈ ಪೂರಾ ಬಂಗುಡೆ ಮೀನಿನ ವಾಸನೆ. ಅದು ಬೇಡ ಹೇಳದೆ ಏನು ಮಾಡೀತು ಅಕ್ಕಾ? ಸೋಪು ಹಾಕಿ ತೊಳೆದು ಒತ್ತಿ ನೋಡಿ.”

ಬಾಗಿಲಲ್ಲಿ ನಿಂತಿದ್ದವರು ನಕ್ಕರು. ಗುಲಾಬಿಯೂ ನಕ್ಕಳು. ಎಲ್ಲರೂ ಹೋದ ಮೇಲೆ ಅವಳು ನಿಜವಾಗಿಯೂ ಕೈ ತೊಳೆದುಕೊಂಡಳು. ಒರೆಸಿಕೊಂಡು ಒತ್ತಿದಳು. ತೆರೆಯಲಿಲ್ಲ.

ಆ ಮೇಲೆ ಅವಳು ಯಾರನ್ನೂ ಕರೆಯಲಿಲ್ಲ. ದಿನಕ್ಕೆ ಎರಡು ಸಲ ಮೆಟ್ಟಿಲು ಹತ್ತಿದಳು. ಗುಮಾಸ್ತ ಓದಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡು, ಇಳಿದು ಬಂದು ದೋಣಿಗಳಿಗೆ ಹೇಳಿದಳು. ಹೇಗೂ ಕೆಲಸ ನಡೆಯುತ್ತಿತ್ತು; ಗುಮಾಸ್ತನೂ ಬಾಯಿ ಬಿಡಲಿಲ್ಲ. ಆರು ತಿಂಗಳು ಹೀಗೆ ಕಳೆಯಿತು. ದುರಸ್ತಿಗಾರ ಹೋದಲ್ಲೆಲ್ಲ ಹೇಳಿಕೊಂಡ: ಬಂದರಿನ ಕೆಲಸ ಮಾಡಿದ್ದು ನಾನು, ಅಂದಿನಿಂದ ಅಲ್ಲಿ ಒಂದೇ ಒಂದು ದೂರಿಲ್ಲ.

ಒಂದು ದಿನ ಬೆಳಗಿನ ಸೂಚನೆ ಬರೆಸಿ ಕೊಟ್ಟು ಗುಮಾಸ್ತ ಅರ್ಧ ದಿನದ ರಜೆ ಹಾಕಿದ. ಅವನ ಬದಲಿಗೆ ಬಂದವನು ಗೋಡೆಯ ಚೀಟಿ ಓದಿದ. ಮಧ್ಯಾಹ್ನ ಬಂದ ಸೂಚನೆಯನ್ನು ಫೋಲ್ಡರಿನಲ್ಲಿ ಹಾಕಿ, ಕೋಣೆಗೆ ಬೀಗ ಹಾಕಿ, ಊಟಕ್ಕೆ ಹೋದ.

ಗುಲಾಬಿ ಮೆಟ್ಟಿಲು ಹತ್ತಿ ಹೋದಾಗ ಬಾಗಿಲು ಮುಚ್ಚಿತ್ತು. ಮೂರಕ್ಕೆ ಇನ್ನು ಹತ್ತು ನಿಮಿಷ. ಇಳಿದು ಬಂದು ಫೋಲ್ಡರು ಒತ್ತಿದಳು. ಅನುಮತಿ ಇಲ್ಲ. ನಾಚಿಕೆ ಬಿಟ್ಟು ದುರಸ್ತಿಗಾರನಿಗೆ ಫೋನ್ ಮಾಡಿದಳು.

ಅವನು ತನ್ನ ಅಂಗಡಿಯಲ್ಲಿದ್ದ. ಕೂತಲ್ಲಿಂದಲೇ ಬಂದರಿನ ಕಂಪ್ಯೂಟರಿನೊಳಗೆ ಹೋಗುವ ಏರ್ಪಾಡು ಮಾಡಿಕೊಂಡಿದ್ದ. ಫೋನನ್ನು ಹೆಗಲಿಗೆ ಒತ್ತಿಕೊಂಡು ತನ್ನ ಹೆಸರು ಹಾಕಿದ. ಫೋಲ್ಡರು ತೆರೆದ. ಅದರೊಳಗಿನ ಫೈಲನ್ನೂ ತೆರೆದ. ಮುಚ್ಚಿದ.

“ಫೋಲ್ಡರೂ ತೆರೆಯಿತು, ಇವತ್ತಿನ ಫೈಲೂ ತೆರೆಯಿತು ಅಕ್ಕಾ. ನಿಮ್ಮ ಕೈಗೆ ಏನಾದರೂ ಶಾಂತಿ ಮಾಡಿಸಿ,” ಎಂದು ಫೋನ್ ಇಟ್ಟುಬಿಟ್ಟ. ಅವಳು ಮತ್ತೆ ಮಾಡಿದಳು. ಎತ್ತಲಿಲ್ಲ.

ಗುಲಾಬಿ ಯೋಚಿಸಿದಳು. ಇವತ್ತಿನ ಫೈಲನ್ನು ಅವರು ತೆರೆದು ಕಂಡಿದ್ದಾರೆ. ಅಪಾಯದ ಮಾತು ಇದ್ದಿದ್ದರೆ ಹೇಳದೆ ಇರುತ್ತಿದ್ದರೇ? ಮೂರು ಗಂಟೆಗೆ ಅವಳು ಬೆಳಗಿನದನ್ನೇ ಓದಿದಳು. ಗಾಳಿ ಸಾಧಾರಣ, ಕಡಲು ಶಾಂತ.

“ಕೇಳಿತು ಅಕ್ಕಾ,” ಎಂದು ತಮ್ಮ ಉತ್ತರ ಕೊಟ್ಟ. “ಹಾಗಾದರೆ ಇನ್ನೊಂದು ಬಲೆ ಬಿಟ್ಟೇ ಬರ್ತೇವೆ.”

ಸಂಜೆಗೆ ಗಾಳಿ ತಿರುಗಿತು. ಉಳಿದ ದೋಣಿಗಳು ಹೇಗೋ ದಡ ಸೇರಿದವು. ಒಂದು ಸೇರಲಿಲ್ಲ. ಅದರಲ್ಲಿ ಒಂಬತ್ತು ಮಂದಿ ಇದ್ದರು. ನಾಲ್ಕು ಹೆಣ ಸಿಕ್ಕಿದವು. ಗುಲಾಬಿಯ ತಮ್ಮನದು ಸಿಗಲಿಲ್ಲ.

ವಿಚಾರಣೆ ನಡೆಯಿತು. ದುರಸ್ತಿಗಾರ ಎದೆಯುಬ್ಬಿಸಿಕೊಂಡೇ ಬಂದ. “ನನ್ನ ಕೆಲಸದಲ್ಲಿ ತಪ್ಪಿಲ್ಲ. ಆ ದಿನ ಆ ಫೈಲು ತೆರೆದಿದೆ. ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ, ತೆಗೆದು ನೋಡಿ,” ಎಂದ.

ತೆಗೆದು ನೋಡಿದರು. ಎರಡು ಗಂಟೆ ಐವತ್ತೆರಡು ನಿಮಿಷಕ್ಕೆ ಫೈಲು ತೆರೆದಿತ್ತು. ಒಂದೇ ಸಲ. ಪಕ್ಕದಲ್ಲಿ ಅವನ ಹೆಸರಿತ್ತು. ಅಧಿಕಾರಿ ಆ ಫೈಲಿನ ಪ್ರತಿಯನ್ನು ಅವನ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವಂತೆ ಓದು ಎಂದರು. ‘ದೋಣಿಗಳೆಲ್ಲ ಕೂಡಲೇ ದಡಕ್ಕೆ ಮರಳಬೇಕು.’ ಇದ್ದದ್ದು ಅದೊಂದೇ ಸಾಲು. ಅವನು ಅದನ್ನು ಓದಿದ್ದು ಅದೇ ಮೊದಲ ಸಲ. ಗುಲಾಬಿ ಎದುರಿಗೇ ಕೂತಿದ್ದಳು. ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ನನಗೋ ಉತ್ತರ ಅರ್ಧ ಕತೆಯಲ್ಲಿಯೇ ಸಿಕ್ಕಿತ್ತು, ಬಾಯಿ ತಡೆಯಲಿಲ್ಲ.

“ಇಷ್ಟೇನಾ ಗುರುಗಳೇ! ಮೇಲಿನ ಕಂಪ್ಯೂಟರಿಗೆ ಅವಳ ಹೆಸರು, ಪಾಸ್‌ವರ್ಡ್ ಸೇರಿಸಬೇಕಿತ್ತು. ಫೋಲ್ಡರಿಗೆ ಅನುಮತಿ ಕೊಟ್ಟು, ಅವಳ ಹೆಸರಿನಲ್ಲಿಯೇ ತೆರೆದು ನೋಡಬೇಕಿತ್ತು. ನಾನಾಗಿದ್ದರೆ ಎರಡು ನಿಮಿಷದ ಕೆಲಸ.”

ಗುರುಗಳು ಸ್ಕ್ರೂಡ್ರೈವರನ್ನು ಮತ್ತೆ ಕೈಗೆತ್ತಿಕೊಂಡರು.

“ಒಂಬತ್ತು ಮಂದಿ ಸತ್ತ ಕತೆ ಹೇಳಿದೆ; ನೀನು ಕಂಪ್ಯೂಟರು ಸರಿಮಾಡಿದೆ.”