ಬೀಗ ಹಾಕಿದ ಕಪಾಟು ಮಗ್ಗಿ ಹೇಳಿದ್ದು

ಒಂದಾನೊಂದು ಊರಿನಲ್ಲಿ ಎಂದರೆ ಹಳ್ಳದಾಚೆಯವರು ಸಿಟ್ಟಾಗುತ್ತಾರೆ. ಆದ್ದರಿಂದ ಒಂದಾನೊಂದು ಎರಡು ಊರಿನಲ್ಲಿ ಎನ್ನೋಣ. ಈಚೆಗೆ ಈಚೆಪುರ, ಆಚೆಗೆ ಆಚೆಪುರ. ಎರಡೂ ಕಡೆಯ ರಾಜರು ಒಂದೇ ಸಂತೆಯಲ್ಲಿ ತಮ್ಮ ಶಾಲೆಗೆ ಮಾತಾಡುವ ಪಾಟಿ ಕೊಂಡರು. ಏನು ಕೇಳಿದರೂ ಉತ್ತರ ಹೇಳುವ ಪಾಟಿ.

ಈಚೆಪುರದಲ್ಲಿ ಕಲಿಸುವ ನೀಲವ್ವ ಅಕ್ಕೋರಿಗೆ ಹಿಗ್ಗೋ ಹಿಗ್ಗು. ರಾಜ ಮಾತ್ರ, "ಹುಡುಗರ ಕೈ ತಾಗಿದ್ರ ಸವೀತೈತಿ" ಎಂದು ಪಾಟಿಯನ್ನು ಕಪಾಟಿನಲ್ಲಿಟ್ಟು ಬೀಗ ಜಡಿದ. ಕೀಲಿಕೈ ಉಡಿದಾರಕ್ಕೆ. ವರ್ಷಕ್ಕೊಮ್ಮೆ ಆಯುಧಪೂಜೆಗೆ ತೆಗೆಯುವುದು, ಕುಂಕುಮ ಹಚ್ಚುವುದು, ಊದಿನಕಡ್ಡಿ ಬೆಳಗುವುದು, ಮತ್ತೆ ಒಳಗಿಡುವುದು. ಅಕ್ಕೋರು ಇಪ್ಪತ್ತೆರಡು ಮಕ್ಕಳನ್ನು ಕಪಾಟಿನ ಮುಂದೆ ಕೂರಿಸಿ ಬಾಯಿಪಾಠದಲ್ಲೇ ಮಗ್ಗಿ ಕಲಿಸಿದರು.

ಆಚೆಪುರದಲ್ಲಿ ಪಾಟಿಗೆ ಪೂರ್ತಿ ಸ್ವಾತಂತ್ರ್ಯ. ಪಾಟಿಯೇ ಹಾಜರಿ ಕೂಗಿತು. ಪಾಟಿಯೇ "ಬಂದೀನ್ರಿ" ಎಂದಿತು. ಪಾಟಿಯೇ ಪ್ರಶ್ನೆ ಕೇಳಿತು, ಪಾಟಿಯೇ ಉತ್ತರ ಬರೆಯಿತು. ಫಲಿತಾಂಶ ನೂರಕ್ಕೆ ನೂರು. ಮೂವತ್ತು ಮಕ್ಕಳು ಸುಮ್ಮನೆ ಅಡ್ಡ ಎಂದು ಅವರನ್ನು ಮನೆಗೆ ಕಳಿಸಿದರು.

ಯಾರ ಶಾಲೆ ಮುಂದು ಎಂದು ರಾಜರಿಗೆ ಜಗಳ ಹತ್ತಿತು. ಪಂಥ ಕಟ್ಟಿದರು: ಸೋತವರ ಶಾಲೆ ಗೆದ್ದವರ ಕುದುರೆಗೆ ಲಾಯ. ಮಕ್ಕಳು ಬಾಯಿ ಬಿಡುವಂತಿಲ್ಲ, ಶಾಲೆಯ ಸಾಮಾನೇ ಉತ್ತರ ಹೇಳಬೇಕು. ತೀರ್ಪಿಗೆ ಹಳ್ಳದ ನಡುವೆ ಮಲಗಿದ್ದ ಎಮ್ಮೆಯನ್ನು ಆರಿಸಿದರು. ಅದು ಯಾವ ದೇಶಕ್ಕೂ ಸೇರಿರಲಿಲ್ಲ.

"ಹದಿನೇಳೆಂಟ್ಲೆ?" ಎಂದಿತು ಎಮ್ಮೆ.

"ನೂರಾ ಮೂವತ್ತಾರು" ಎಂದಿತು ಆಚೆಪುರದ ಪಾಟಿ.

ಈಚೆಪುರದ ಮಕ್ಕಳು ಕಪಾಟನ್ನೇ ಹೊತ್ತು ತಂದಿದ್ದರು.

"ಮಾರಾಜ್ರ, ಕೀಲಿ ತೆಗೀರಿ. ನನ್ನ ಸಾಲಿ ಹೋಗತೈತಿ" ಎಂದು ಅಕ್ಕೋರು ಅಂಗಲಾಚಿದರು.

"ಗಾಳ್ಯಾಗ ಧೂಳ ಐತಿ" ಎಂದ ರಾಜ.

ಆಗ ಕಪಾಟು ಬೀಗದ ಬಾಯಲ್ಲೇ ಮಾತಾಡಿತು. "ನೂರಾ ಮೂವತ್ತಾರು. ನಾಕ ವರ್ಷದಿಂದ ದಿನಾ ಕೇಳಾಕತ್ತೀನಿ, ನನಗ ಬರೂದಿಲ್ಲೇನು?"

"ಸರಿಸಮ" ಎಂದು ಎಮ್ಮೆ ಮೆಲುಕು ಹಾಕಿತು. "ಈಗ ಕಲಿತ ಮಕ್ಕಳನ್ನ ತೋರಿಸ್ರಿ."

ಈಚೆಪುರದವರು ಇಪ್ಪತ್ತೆರಡು ಮಂದಿ ಎದ್ದು ನಿಂತರು. ಆಚೆಪುರದ ಪಾಟಿ "ಬಂದೀನ್ರಿ, ಬಂದೀನ್ರಿ" ಎಂದು ಮೂವತ್ತು ಸಲ ಕೂಗಿತು. ಎಮ್ಮೆ ಎಣಿಸಿ ನೋಡಿತು, ಇದ್ದದ್ದು ಒಂದೇ ಪಾಟಿ.

ಆಚೆಪುರದ ಶಾಲೆ ಲಾಯವಾಯಿತು. ಕುದುರೆಗಳೂ ನೂರಕ್ಕೆ ನೂರು ತೆಗೆದವು. ಅಲ್ಲಿಯ ಮೂವತ್ತು ಮಕ್ಕಳು ಹಳ್ಳ ದಾಟಿ ನೀಲವ್ವ ಅಕ್ಕೋರ ಹತ್ತಿರ ಓಡಿ ಬಂದರು. ಅಕ್ಕೋರು ಸಂತೋಷಕ್ಕೆ ಅತ್ತೇಬಿಟ್ಟರು.

ಈಚೆಪುರದ ರಾಜನಿಗೂ ಆನಂದ. ಇಷ್ಟು ಜಾಣ ಕಪಾಟು ಹಾಳಾಗಬಾರದಲ್ಲ? ಅದಕ್ಕಿಂತ ದೊಡ್ಡ ಕಪಾಟು ಮಾಡಿಸಿ, ಅದನ್ನು ಅದರೊಳಗಿಟ್ಟು ಬೀಗ ಹಾಕಿದ.

ಅಕ್ಕೋರು ಕಣ್ಣೊರೆಸಿಕೊಂಡು ಮಕ್ಕಳ ಕಡೆ ತಿರುಗಿದರು. "ಇನ್ನ ಸ್ವಲ್ಪ ಜೋರಾಗಿ ಹೇಳ್ರಪಾ. ಈಗ ಎರಡು ಬಾಗಲಾ ದಾಟಬೇಕು."

ಇದರ ನೀತಿಯೂ ಅದೇ ಕಪಾಟಿನಲ್ಲಿದೆ. ಬೇಕಾದವರು ಆಯುಧಪೂಜೆಗೆ ಬನ್ನಿ.