ಬಂದ್ ಮಾಡುವ ಮುನ್ನ

ನದೀತೀರದ ಆಶ್ರಮವೊಂದರಲ್ಲಿ ಶಂಭುದೇವರೆಂಬ ಗುರುಗಳಿದ್ದರು. ಸುತ್ತಲಿನ ಹನ್ನೆರಡು ಹಳ್ಳಿಗಳ ಆಸ್ಪತ್ರೆಗಳಿಗೆ ಆಶ್ರಮವೇ ಒಂದೊಂದು ಸರ್ವರ್ ಕೊಟ್ಟಿತ್ತು. ರೋಗಿಗಳ ವಿವರವೆಲ್ಲ ಅವುಗಳಲ್ಲಿ. ಆಶ್ರಮದಲ್ಲೇ ಕುಳಿತು ಅವನ್ನು ನೋಡಿಕೊಳ್ಳುವುದನ್ನು ಗುರುಗಳು ಶಿಷ್ಯೆ ಅಂಬುಜೆಗೆ ಕಲಿಸುತ್ತಿದ್ದರು.

ಒಂದು ಬೆಳಿಗ್ಗೆ ಆಶ್ರಮದ್ದೇ ಆದ ಸರ್ವರಿನ ಧೂಳು ತೆಗೆಯಲೆಂದು ಅಂಬುಜೆ ಕಂಪ್ಯೂಟರಿನಲ್ಲಿ ಆಜ್ಞೆ ಬರೆದು ಅದನ್ನು ಬಂದ್ ಮಾಡಿದಳು. ಆದರೆ ಎದುರಿದ್ದ ಆ ಸರ್ವರಿನ ದೀಪ ಉರಿಯುತ್ತಲೇ ಇತ್ತು.

ಪರದೆಯ ಮೇಲೆ ಎರಡು ಸರ್ವರುಗಳ ಎರಡು ವಿಂಡೋ ತೆರೆದಿದ್ದವು. ನೋಡಲು ಎರಡೂ ಒಂದೇ. ಅವಳು ಬಂದ್ ಮಾಡಿದ್ದು ಬೆಟ್ಟದ ಮೇಲಿನ ಹಳ್ಳಿಯ ಸರ್ವರನ್ನು.

ಮತ್ತೆ ಶುರು ಮಾಡಬೇಕೆಂದರೆ ಅಲ್ಲಿಗೇ ಹೋಗಿ ಗುಂಡಿ ಒತ್ತಬೇಕು. ಸರ್ವರ್ ಇದ್ದ ಕೋಣೆಯ ಬೀಗದ ಕೈ ಆಶ್ರಮದಲ್ಲಿತ್ತು.

ಅಂಬುಜೆ ಅಳುತ್ತಾ ಬಂದು ಹೇಳಿದಳು. ಗುರುಗಳು ಬೀಗದ ಕೈ ತೆಗೆದುಕೊಂಡು ಚಪ್ಪಲಿ ಮೆಟ್ಟಿದರು.

"ಬಾ, ಬಸ್ಸು ಹೊರಡುವ ಹೊತ್ತಾಯಿತು."

ಬಸ್ಸಿನಲ್ಲಿ ಅವಳೆಂದಳು: "ಬೈದಾದರೂ ಬಿಡಿ, ಗುರುಗಳೇ."

"ಕಿಟಕಿ ಪಕ್ಕ ಕೂತುಕೋ. ತಿರುವು ಬಂದರೆ ನಿನಗೆ ತಲೆ ಸುತ್ತುತ್ತದೆ."

ಆಸ್ಪತ್ರೆಯ ಬಾಗಿಲಲ್ಲೇ ನರ್ಸ್ ಪುಟ್ಟತಾಯಮ್ಮ ಕಾಯುತ್ತಿದ್ದರು. ಒಳಗೆ ಹೆಣ್ಣುಮಗಳೊಬ್ಬಳು ಹೆರಿಗೆ ನೋವಿನಲ್ಲಿ ನರಳುತ್ತಿದ್ದಳು.

"ಇಂಜೆಕ್ಷನ್ ರೆಡಿ ಮಾಡಿಟ್ಟಿದ್ದೀನಿ ಬುದ್ಧಿ. ಯಾವುದೋ ಒಂದು ಔಷಧಿ ಈ ಹುಡುಗಿಗೆ ಆಗಲ್ಲ. ಯಾವುದು ಅಂತ ಕಂಪ್ಯೂಟರಲ್ಲೇ ಬರೆದಿಟ್ಟಿದ್ದೆ. ಕೊಡೋಕೆ ಧೈರ್ಯ ಬರ್ತಿಲ್ಲ."

ಅಂಬುಜೆ ಕೋಣೆಯ ಬೀಗ ತೆಗೆದು ಗುಂಡಿ ಒತ್ತಿದಳು. ಪರದೆ ಬೆಳಗಿತು. ಪುಟ್ಟತಾಯಮ್ಮ ಓದಿದರು. ಕೈಯಲ್ಲಿದ್ದ ಸಿರಿಂಜನ್ನು ಪಕ್ಕಕ್ಕಿಟ್ಟು ಬೇರೆ ಔಷಧಿ ತೆಗೆದರು.

ಮಧ್ಯಾಹ್ನದ ಹೊತ್ತಿಗೆ ಮಗು ಅತ್ತಿತು. ಹೊರಗೆ ಕಟ್ಟೆಯ ಮೇಲೆ ಅಂಬುಜೆಯೂ ಅತ್ತಳು.

"ಸರ್ವರ್ ಬಂದ್ ಮಾಡುವ ಅಧಿಕಾರ ನನಗೆ ಬೇಡ, ಗುರುಗಳೇ. ತೆಗೆದುಬಿಡಿ."

"ಬಂದ್ ಮಾಡಲೇಬೇಕಾದ ದಿನ ಯಾರು ಮಾಡುತ್ತಾರೆ?"

"ನೀವು. ನಿಮ್ಮ ಕೈ ತಪ್ಪುವುದಿಲ್ಲ."

ಗುರುಗಳು ನಕ್ಕರು. "ಬೇರೆ ಏನಾದರೂ ಹೇಳು."

"ಹಾಗಾದರೆ, 'ಖಚಿತವೇ?' ಎಂದು ಅದು ನನ್ನನ್ನು ಕೇಳಲಿ."

"ಬೆಳಿಗ್ಗೆ ಹಾಗೆ ಕೇಳಿದ್ದರೆ ಏನನ್ನುತ್ತಿದ್ದೆ?"

"ಹೌದು ಎನ್ನುತ್ತಿದ್ದೆ. ನನಗೆ ಸಂಶಯವೇ ಇರಲಿಲ್ಲ."

ಮರುದಿನ ಇಬ್ಬರೂ ಜೊತೆಗೆ ಕುಳಿತರು. ಅದುವರೆಗೆ ಸರ್ವರುಗಳಿಗೆ ಬರೀ ಅಂಕಿಗಳಿದ್ದವು. ಗುರುಗಳು ಒಂದೊಂದಕ್ಕೂ ಆಯಾ ಊರಿನ ನರ್ಸಿನ ಹೆಸರಿಟ್ಟರು. ಆಶ್ರಮದ್ದಕ್ಕೆ ಅಡುಗೆಯ ನಂಜಪ್ಪನ ಹೆಸರು. ಬಂದ್ ಮಾಡಹೊರಟರೆ ಸರ್ವರ್ ಕೇಳುತ್ತದೆ: "ನಾನು ಯಾರು?" ಸರಿಯಾದ ಹೆಸರು ಬರೆಯದಿದ್ದರೆ ಅದು ನಿಲ್ಲುವುದಿಲ್ಲ.

ಮೂರು ತಿಂಗಳು ಕಳೆಯಿತು. ಒಂದು ಸಂಜೆ ಅಂಬುಜೆ ತಲೆ ತಗ್ಗಿಸಿ ಬಂದು ನಿಂತಳು.

"ಇವತ್ತು ಮತ್ತೆ ಅದೇ ಆಯಿತು. 'ನಾನು ಯಾರು?' ಎಂದಿತು. ನಂಜಪ್ಪ ಎಂದು ಬರೆದೆ. 'ಅಲ್ಲ' ಎಂದಿತು. ಕಣ್ಣು ಬಿಟ್ಟು ನೋಡಿದರೆ, ಅದು ಪುಟ್ಟತಾಯಮ್ಮನವರ ಸರ್ವರ್."

"ಆಮೇಲೆ?"

"ಕೈ ತೆಗೆದೆ. ಆದರೆ ಅಷ್ಟೆಲ್ಲ ಆದಮೇಲೂ ನಾನು ಕಲಿಯಲಿಲ್ಲವಲ್ಲ, ಗುರುಗಳೇ."

ಗುರುಗಳು ಚಾಪೆಯ ಮೇಲೆ ಸರಿದು ಅವಳಿಗೆ ಜಾಗ ಮಾಡಿದರು.

"ಆ ಪ್ರಶ್ನೆ ನಿನ್ನನ್ನು ಒಂದು ಸಲ ತಡೆಯಿತು. ನನ್ನನ್ನು ಈ ತಿಂಗಳೇ ಮೂರು ಸಲ."